ಕೊಸರು

ಸಂತೆಯಲ್ಲಿ ತೂಕ ಮುಗಿದ ಮೇಲೆ ಚೀಲಕ್ಕೆ ಬೀಳುವ ಒಂದು ಹಿಡಿ ಮೆಣಸಿನಕಾಯಿಗೆ, ನಾಲ್ಕು ಎಳೆ ಕೊತ್ತಂಬರಿಗೆ ಕೊಸರು ಎಂದು ಹೆಸರು. ಅದು ದಾನವೋ ವ್ಯಾಪಾರವೋ? ದಾನವಾದರೆ ಕೇಳಿ ಪಡೆಯುವ ಹಕ್ಕು ಕೊಳ್ಳುವವನಿಗಿಲ್ಲ. ವ್ಯಾಪಾರವಾದರೆ ಕೃತಜ್ಞತೆಗೆ ಎಡೆಯಿಲ್ಲ. ಆದರೂ ನಾವು ಕೇಳುತ್ತೇವೆ, ದೊರೆತಾಗ ಸಂತೋಷವನ್ನೂ ಪಡುತ್ತೇವೆ. ಕೊರಿಯನ್ ಭಾಷೆಯಲ್ಲಿ ಇದೇ ಅರ್ಥಕ್ಕೆ 'ದೊಮ್' ಎಂಬ ಮಾತುಂಟು.

ಆ ದೇಶದ ಪ್ರವಾಸದಲ್ಲಿ, 1905ರಲ್ಲಿ ಸ್ಥಾಪನೆಯಾದ ಸೋಲ್ ನಗರದ ಗ್ವಾಂಗ್‌ಜಾಂಗ್ ಪೇಟೆಯ ಬಳಿಯ ಓಣಿಯೊಂದರಲ್ಲಿ ನಾವು ದಂಪತಿಗಳು ಬಿಬಿಂಬಾಪ್ ಉಂಡೆವು. ಕಾದ ಕಲ್ಲಿನ ಬಟ್ಟಲಲ್ಲಿ ಅನ್ನ, ಅದರ ಮೇಲೆ ಐದಾರು ಬಗೆಯ ಪಲ್ಯ, ನಡುವೆ ಗೊಚುಜಾಂಗ್ ಎಂಬ ಕೆಂಪು ಖಾರ. ಒಣಮೆಣಸಿನ ಪುಡಿ, ಅಂಟಕ್ಕಿ, ಹುದುಗಿಸಿದ ಸೋಯಾ ಅವರೆ, ಉಪ್ಪು ಇವನ್ನು ಕಲಸಿ ಮಣ್ಣಿನ ಜಾಡಿಗಳಲ್ಲಿ ತಿಂಗಳುಗಟ್ಟಲೆ ಮಾಗಿಸಿದ್ದು. ಸೊಲ್ಲಾಪುರದ ನಮ್ಮ ನಾಲಿಗೆಗೆ ಅದು ರಂಜಕದ ದೂರದ ಬಂಧುವೆನಿಸಿತು, ತುಸು ಸಿಹಿಯಾದ ಬಂಧು. (ಮೆಣಸಿನಕಾಯಿ ಎರಡು ನಾಡಿಗೂ ಹೊರಗಿನದೇ, ಅಮೆರಿಕ ಖಂಡದಿಂದ ಹೊರಟು, ನಮ್ಮಲ್ಲಿಗೆ ಪೋರ್ಚುಗೀಸರ ಹಡಗಿನಲ್ಲಿ ಬಂತು.) ಒಬ್ಬರಿಗೆ 9,000 ವಾನ್, ಆ ನಗರದಲ್ಲಿ ಅದು ಅಗ್ಗದ ಊಟ. ಕಿಮ್ಚಿಗೆ ಸಾಮಾನ್ಯವಾಗಿ ಸೀಗಡಿ ಅಥವಾ ಮೀನಿನ ರಸ ಬೀಳುವುದರಿಂದ ಅದನ್ನು ಬದಿಗಿಟ್ಟೆವು. ಮೊಳಕೆಕಾಳಿನ ಪುಟ್ಟ ತಟ್ಟೆ ಖಾಲಿಯಾದುದನ್ನು ಕಂಡ ಒಡತಿ, ಕೇಳದೆಯೇ ಮತ್ತೆ ತುಂಬಿಸಿದರು. ಬಾನ್‌ಚಾನ್ ಎಂಬ ಈ ನಂಜಿಕೊಳ್ಳುವ ಪದಾರ್ಥಗಳಿಗೆ ಅಲ್ಲಿ ಸಾಮಾನ್ಯವಾಗಿ ಬೇರೆ ಬೆಲೆಯಿಲ್ಲ. ಊಟದ ಕೊನೆಗೆ ಟಿಪ್ಸ್ ಕೊಡುವ ವಾಡಿಕೆಯೂ ಇಲ್ಲ.

"ಪುಕ್ಕಟೆ ಯಾರು ಕೊಡುತ್ತಾರೆ? ಎಲ್ಲವೂ ಬೆಲೆಯಲ್ಲೇ ಸೇರಿರುತ್ತದೆ" ಎನ್ನುವವರಿದ್ದಾರೆ. ಮಾತು ನಿಜ. ಆದರೆ ಯಾರ ಬೆಲೆಯಲ್ಲಿ? ಖಾನಾವಳಿಯ ದರವು ಹೆಚ್ಚು ಉಣ್ಣುವವನಿಗೂ ಕಡಿಮೆ ಉಣ್ಣುವವನಿಗೂ ಒಂದೇ. ಎರಡು ರೊಟ್ಟಿಗೆ ಕೈ ತೊಳೆಯುವ ಮುದುಕ, ಆರು ರೊಟ್ಟಿ ಉಣ್ಣುವ ಹಮಾಲನ ಊಟದ ಒಂದು ಪಾಲನ್ನು ತನಗರಿವಿಲ್ಲದೆಯೇ ತೆತ್ತಿರುತ್ತಾನೆ. ಅದು ಇರಬೇಕಾದದ್ದೇ. ಎರಡನೆಯ ಸಲ ಬಡಿಸಿಕೊಂಡು ತಟ್ಟೆಯಲ್ಲೇ ಬಿಟ್ಟೇಳುವವನು ಮಾತ್ರ ಮಾಲೀಕನ ಸೊತ್ತನ್ನಷ್ಟೇ ಹಾಳು ಮಾಡುತ್ತಿಲ್ಲ, ಪಕ್ಕದ ಮಣೆಯವನ ಕೊಡುಗೆಯನ್ನೂ ಚೆಲ್ಲುತ್ತಿದ್ದಾನೆ.

ಕೊಡುವವನ ಕಷ್ಟವೂ ಉಂಟು. 2010ರಲ್ಲಿ ಮಳೆಯ ಕಾಟದಿಂದ ಕೊರಿಯದಲ್ಲಿ ಕಿಮ್ಚಿಯ ಕೋಸಿನ ಬೆಲೆ ಹಲವು ಪಟ್ಟು ಏರಿತು. ಅಧ್ಯಕ್ಷ ಲೀ ಮ್ಯುಂಗ್-ಬಾಕ್ ತಮ್ಮ ಊಟಕ್ಕೆ ಅಗ್ಗದ ಉರುಟು ಕೋಸಿನ ಕಿಮ್ಚಿ ಸಾಕೆಂದರು. ಅಂಥ ವರ್ಷ ಎರಡನೆಯ ತಟ್ಟೆಗೆ ಹಣ ಕೇಳಿದ ಅಂಗಡಿಯವನನ್ನು ನಾವು ಜಿಪುಣನೆನ್ನಲಾರೆವು.

ಬುಟ್ಟಿ ಹೊತ್ತು ಬರುವ ಸೊಪ್ಪಿನ ಮುದುಕಿಯ ಲೆಕ್ಕ ಇದಕ್ಕಿಂತ ಬೇರೆ. ಅವಳ ಕೊಸರಿನ ಭಾರವನ್ನು ಹಂಚಿಕೊಳ್ಳಲು ಪಕ್ಕದ ಮಣೆಯವರಿಲ್ಲ. ಅದು ಅವಳ ಅಂದಿನ ಗಳಿಕೆಯಿಂದಲೇ ಹೋಗಬೇಕು. ಅವಳಾಗಿ ಕೊಟ್ಟರೆ ಅದು ನಿಜವಾದ ದಾನ. ನಾವು ಗದರಿಸಿ ಪಡೆದರೆ ಅದಕ್ಕೆ ಬೇರೆಯೇ ಹೆಸರು. ಆದರೂ ಅವಳೊಡನೆಯೇ ನಮ್ಮ ಚೌಕಾಸಿ. ಗಾಜಿನ ಬಾಗಿಲ ಮಾಲುಗಳಲ್ಲಿ ಮುದ್ರಿತ ಬೆಲೆ ತೆತ್ತು, ಚೀಲಕ್ಕೂ ಬೇರೆ ಹಣ ಕೊಟ್ಟು ಬರುವವರು ಅಲ್ಲಿ ಕೊಸರು ಕೇಳಿದ್ದನ್ನು ನಾವಂತೂ ಕಂಡಿಲ್ಲ.