ಸೋಲಿನ ಎಲ್ಲೆ

ಹಣ ಕಳೆದುಕೊಂಡವನಿಗೆ ದುಃಖವಾಗುವುದು ಸಹಜ. ಆದರೆ ಪಂದ್ಯದಲ್ಲಿಯೋ, ಬೆಲೆಯ ಏರಿಳಿತವನ್ನೇ ನಂಬಿದ ವ್ಯಾಪಾರದಲ್ಲಿಯೋ ಕಳೆದುಕೊಂಡವನಿಗೆ ಮೊದಲು ಬರುವುದು ದುಃಖವಲ್ಲ, ಕೋಪ. ಈ ಕೋಪ ಯಾರ ಮೇಲೆ? ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದಿಲ್ಲ. ಕೇಳಿಕೊಳ್ಳದುದರಿಂದಲೇ ಮೊದಲನೆಯ ನಷ್ಟವು ಎರಡನೆಯದನ್ನು ಕರೆತರುತ್ತದೆ.

ತೇನಿ ಜಿಲ್ಲೆಯ ಬೋಡಿನಾಯಕನೂರು ಏಲಕ್ಕಿಯ ಪೇಟೆ. ಕಂಬಂ ಕಣಿವೆಯ ಮೇಲಣ ಬೆಟ್ಟಗಳ ಏಲಕ್ಕಿಯು ಇಲ್ಲಿಯೂ, ಕೇರಳದ ಗಡಿಯೊಳಗಿನ ಪುಟ್ಟಡಿಯಲ್ಲಿಯೂ ಹರಾಜಾಗುತ್ತದೆ. ಈ ಕಣಿವೆಯಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ಒಕ್ಕಲು ಮನೆತನಗಳೂ ಇವೆಯಾದ್ದರಿಂದ ಇಲ್ಲಿಯ ಲಾಭನಷ್ಟ ನಮ್ಮವರದೂ ಹೌದು. 2018ರ ಪ್ರವಾಹದಿಂದ ತೋಟಗಳು ಕೆಟ್ಟು ಫಸಲು ಕುಗ್ಗಿದ ಮೇಲೆ, 2019ರ ಆಗಸ್ಟಿನಲ್ಲಿ ಪುಟ್ಟಡಿಯ ಹರಾಜಿನ ಗರಿಷ್ಠ ಬೆಲೆ ಕಿಲೋಗ್ರಾಮಿಗೆ 7,000 ರೂಪಾಯಿ ಮುಟ್ಟಿತು. 2022ರ ಹೊತ್ತಿಗೆ ಸರಾಸರಿ ಬೆಲೆ ಸಾವಿರದ ಆಚೀಚೆಗೆ ಕುಸಿದಿತ್ತು. ಐದು ಸಾವಿರಕ್ಕೆ ಕೊಂಡು ಕೂಡಿಟ್ಟವನೊಬ್ಬನನ್ನು ಊಹಿಸಿಕೊಳ್ಳೋಣ. ಬೆಲೆ ನಾಲ್ಕು ಸಾವಿರಕ್ಕೆ ಇಳಿದಾಗ ಅವನು, 'ನನ್ನ ಅಸಲು ಬರುವವರೆಗೆ ಮಾರೆನು' ಎಂದು ಹಟ ಹಿಡಿಯುತ್ತಾನೆ. ಆದರೆ ಅವನ ಅಸಲು ಎಷ್ಟೆಂಬುದು ಪೇಟೆಗೆ ತಿಳಿಯದು. ಮಳೆಗಾಗಲಿ, ದೂರದ ಗ್ವಾಟೆಮಾಲದ ಬೆಳೆಗಾಗಲಿ ಅವನ ಹಟವನ್ನು ಕೇಳುವ ಕಿವಿಯಿಲ್ಲ. ಪೇಟೆ ತನಗೆ ಸಾಲಗಾರನೆಂದು ಅವನು ಭಾವಿಸಿದ್ದಾನೆ. ಪೇಟೆ ಯಾರಿಗೂ ಸಾಲಗಾರನಲ್ಲ.

ಪಂದ್ಯ ಕಟ್ಟುವವನ ಹಟ ಇನ್ನೂ ಕ್ರೂರ. ಸೋತಾಗಲೆಲ್ಲ ಇಮ್ಮಡಿ ಕಟ್ಟಿದರೆ ಒಂದು ಗೆಲುವಿನಲ್ಲಿ ಎಲ್ಲವೂ ಮರಳುವುದೆಂದು ಅವನ ಲೆಕ್ಕ. ವಿದ್ಯಾರ್ಥಿಗಳು ಹಲಗೆಯ ಮೇಲೆ ಬರೆದು ನೋಡಲಿ: ನೂರು ರೂಪಾಯಿಯಿಂದ ತೊಡಗಿ ಹತ್ತು ಸಲ ಸತತ ಸೋತರೆ ಹೋದದ್ದು 1,02,300 ರೂಪಾಯಿ. ಹನ್ನೊಂದನೆಯ ಸಲ 1,02,400 ಕಟ್ಟಿ ಗೆದ್ದರೂ ಉಳಿಯುವ ಲಾಭ ನೂರೇ ರೂಪಾಯಿ!

ಹಾಗಾದರೆ ಶಾಂತಸ್ವಭಾವದವನಿಗೆ ಈ ಭಯವಿಲ್ಲವೇ? ಧರ್ಮರಾಯನಿಗಿಂತ ಶಾಂತನು ಯಾರಿದ್ದಾರೆ? ಆದರೂ ಆತನು ರಾಜ್ಯವನ್ನು, ತಮ್ಮಂದಿರನ್ನು, ತನ್ನನ್ನು, ಕೊನೆಗೆ ದ್ರೌಪದಿಯನ್ನು ಒಡ್ಡಿದನು. ಎಲ್ಲವೂ ಮರಳಿ ದೊರೆತ ಮೇಲೆ ಮತ್ತೊಮ್ಮೆ ಕರೆದಾಗ ಮತ್ತೆ ಹೋಗಿ ಕುಳಿತನು. ಆತನಲ್ಲಿ ಕೊರತೆಯಾದದ್ದು ಶಾಂತಿಯಲ್ಲ, ಎಲ್ಲೆ. ಇಷ್ಟಕ್ಕೆ ಸಾಕೆಂಬ ಗೆರೆಯನ್ನು ಆತನು ಸಭೆಗೆ ಬರುವ ಮೊದಲೇ ಎಳೆದುಕೊಂಡಿರಲಿಲ್ಲ.

ಆದುದರಿಂದ ಗೆರೆಯನ್ನು ಎಳೆಯಬೇಕಾದದ್ದು ತಿಳಿಯಾದ ಮನಸ್ಸು, ತಿಳಿಯಾಗಿರುವಾಗಲೇ. ವ್ಯಾಪಾರಕ್ಕೆ ಇಳಿಯುವವನು ಇಷ್ಟು ಹೋದರೆ ಏಳುವೆನೆಂದು ಮೊದಲೇ ಬರೆದು ಮನೆಯವರ ಕೈಗೆ ಕೊಡಲಿ. ಅಕ್ಕಿಯ ಹಣವನ್ನೂ ಮಕ್ಕಳ ಶುಲ್ಕವನ್ನೂ ಮುಟ್ಟದಿರಲಿ. ಗೆರೆ ಮುಟ್ಟಿದ ದಿನ ಎದ್ದುಬಿಡಲಿ; ಕೋಪವಿರುವಾಗ ಗೆರೆಯನ್ನು ತಿದ್ದದಿರಲಿ.

ಎಲ್ಲೆ ಹಾಕಿಕೊಂಡರೆ ಜೂಜು ಧರ್ಮವಾಗುವುದೇ ಎಂದು ಕೇಳಬಹುದು. ಆಗದು. ಏಲಕ್ಕಿಯ ವ್ಯಾಪಾರದ ಹಿಂದೆ ಬೆಳೆಯಿದೆ, ಬೆವರಿದೆ. ಜೂಜಿನಲ್ಲಿ ಒಬ್ಬನ ಗೆಲುವು ಮತ್ತೊಬ್ಬನ ಮನೆಯ ಅಳಲು. ಅಲ್ಲಿ ಹಾಕಿಕೊಳ್ಳಬೇಕಾದ ಎಲ್ಲೆ ಸೊನ್ನೆಯೇ. ತಮಿಳುನಾಡು 2003ರಲ್ಲಿ ಲಾಟರಿಯನ್ನು ನಿಷೇಧಿಸಿತು. ಕಂಬಂನಿಂದ ಘಟ್ಟ ಹತ್ತಿದರೆ ಕುಮಳಿಯಲ್ಲಿ ಕೇರಳದ ಚೀಟಿ ಸಿಗುತ್ತದೆ. ಅಂತರ್ಜಾಲದಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು 2025ರಲ್ಲಿ ಸಂಸತ್ತು ನಿಷೇಧಿಸಿತು. ಕಾನೂನು ಅಂಗಡಿಯ ಬಾಗಿಲನ್ನು ಮುಚ್ಚಬಹುದು; ಕಳೆದುದನ್ನು ಈಗಲೇ ಮರಳಿ ಪಡೆಯುವೆನೆಂಬ ಹಟದ ಬಾಗಿಲನ್ನು ನಾವೇ ಮುಚ್ಚಬೇಕು.

ಗೋಲಿಯಾಟದಲ್ಲಿ ನಾಲ್ಕು ಸೋತು, ಉಳಿದ ಆರನ್ನು ಜೇಬಿಗೆ ಹಾಕಿಕೊಂಡು ಮನೆಗೆ ನಡೆಯುವ ಹುಡುಗನನ್ನು ಗೆಳೆಯರು ಹೇಡಿಯೆನ್ನುತ್ತಾರೆ. ಉಪಾಧ್ಯಾಯರಾದ ನಾವು ಅವನ ಬೆನ್ನು ತಟ್ಟೋಣ.