ಮಾಡಿದ್ದುಣ್ಣೋ ಮಹಾರಾಯ, ಆಮೇಲೆ?

ಚಳ್ಳಕೆರೆ ಸೀಮೆಯವರಿಗೆ ಕರ್ಮದ ಲೆಕ್ಕ ತಿಳಿಯಲು ಶಾಸ್ತ್ರಗ್ರಂಥ ಬೇಕಿಲ್ಲ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ ‘ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತು ಇಲ್ಲಿ ಎಲ್ಲರ ಬಾಯಲ್ಲಿದೆ. ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆಯಂತೂ ನಾಡಿಗೆಲ್ಲ ಸೇರಿದ್ದು. ಮೊದಲನೆಯದು ದುಡಿದವನಿಗೆ ಕೊಡುವ ಭರವಸೆ, ಎರಡನೆಯದು ತಪ್ಪಿದವನಿಗೆ ಹೇಳುವ ಎಚ್ಚರಿಕೆ. ಲೆಕ್ಕ ಮಾತ್ರ ಒಂದೇ. ಆದರೆ ಒಂದು ಪ್ರಶ್ನೆಗೆ ಇವೆರಡರಲ್ಲೂ ಉತ್ತರವಿಲ್ಲ. ಉಂಡಾದ ಮೇಲೆ ಏನು? ತಿದ್ದಲಾಗದ ತಪ್ಪು ಮಾಡಿದವನು ಮರುದಿನ ಬೆಳಿಗ್ಗೆ ಎದ್ದು ಹೇಗೆ ಬದುಕಬೇಕು?

ಕಾಲವನ್ನೇ ಹಿಂದಕ್ಕೆ ತಿರುಗಿಸಿಬಿಟ್ಟರೆ ಆಯಿತಲ್ಲ ಎಂಬುದು ಮನುಷ್ಯನ ಹಳೆಯ ಕನಸು. 1963ರಲ್ಲಿ ಶುರುವಾದ ಬ್ರಿಟಿಷ್ ಟಿವಿ ಧಾರಾವಾಹಿ ‘ಡಾಕ್ಟರ್ ಹೂ’ ನಾಯಕನಿಗೆ ಆ ಶಕ್ತಿಯಿದೆ. ಯಾವ ಶತಮಾನಕ್ಕೆ ಬೇಕಾದರೂ ಹೋಗಬಲ್ಲ. ಆದರೂ 2005ರಲ್ಲಿ ಧಾರಾವಾಹಿ ಮತ್ತೆ ಆರಂಭವಾದಾಗ ಅವನು ಒಂದು ಮಹಾಯುದ್ಧದಲ್ಲಿ ತನ್ನವರನ್ನೆಲ್ಲ ಕಳೆದುಕೊಂಡು, ಅದರ ಪಾಪಪ್ರಜ್ಞೆಯನ್ನು ಹೊತ್ತು ತಿರುಗುವ ಒಂಟಿ ಜೀವ. ಆ ವರ್ಷದ ಕ್ರಿಸ್‌ಮಸ್ ಕಂತಿನ ಹೊತ್ತಿಗೆ ಅವನು ಹೊಸ ದೇಹ ಪಡೆದಿರುತ್ತಾನೆ. ಆ ಕಂತಿನ ಕೊನೆಗೆ ಗೆಳತಿಯ ಮನೆಯವರ ಜೊತೆ ಕಾಗದದ ಕಿರೀಟ ತೊಟ್ಟು ಹಬ್ಬದ ಊಟಕ್ಕೆ ಕೂರುತ್ತಾನೆ. ಕಾಲಯಂತ್ರದಿಂದ ಆಗದ್ದು ಒಂದು ಪಂಕ್ತಿಯ ಊಟದಿಂದ ಆಗುತ್ತದೆ. ಮಕ್ಕಳ ಕಥೆ ಎಂದು ನಗಬಹುದು. ಆದರೆ ಇದೇ ಮಾತನ್ನು ಗಂಭೀರವಾಗಿ ಹೇಳಿದ ತತ್ತ್ವಚಿಂತಕಿಯೊಬ್ಬರಿದ್ದರು.

ಹನ್ನಾ ಆರೆಂಟ್ ಜರ್ಮನಿಯ ಯಹೂದಿ. 1933ರಲ್ಲಿ ಹಿಟ್ಲರನ ನಾಡು ಬಿಟ್ಟು ಓಡಿದರು, ಫ್ರಾನ್ಸಿನಲ್ಲಿ ಬಂಧನ ಶಿಬಿರ ಕಂಡರು, 1941ರಲ್ಲಿ ನ್ಯೂಯಾರ್ಕ್ ಸೇರಿದರು. 1958ರ ‘ದಿ ಹ್ಯೂಮನ್ ಕಂಡಿಷನ್’ ಪುಸ್ತಕದಲ್ಲಿ ಅವರು ತೋರಿಸುವ ತೊಡಕು ಇದು: ಮನುಷ್ಯ ಮಾಡಿದ ಕೆಲಸ ಎರಡು ರೀತಿಯಲ್ಲಿ ಅವನ ಕೈ ಮೀರುತ್ತದೆ. ಆಗಿದ್ದನ್ನು ಆಗದಂತೆ ಮಾಡಲು ಬರುವುದಿಲ್ಲ; ಮುಂದೆ ಏನಾಗುತ್ತದೆ ಎಂದು ಹೇಳಲೂ ಬರುವುದಿಲ್ಲ. ಮೊದಲನೆಯದಕ್ಕೆ ಮದ್ದು ಕ್ಷಮೆ, ಎರಡನೆಯದಕ್ಕೆ ಮಾತು ಕೊಡುವುದು. ಕ್ಷಮೆಯನ್ನು ತನಗೆ ತಾನೇ ಕೊಟ್ಟುಕೊಳ್ಳಲಾಗದು. ಅದಕ್ಕೆ ಇನ್ನೊಬ್ಬರು ಬೇಕು. ಒಂಟಿಯಾಗಿ ಅಲೆಯುವವನ ಸಂಕಟ ಇರುವುದು ಇಲ್ಲೇ.

ಇವೆರಡಕ್ಕೂ ಬುಡದಲ್ಲಿ ಆರೆಂಟ್ ಕಾಣುವ ಶಕ್ತಿಯನ್ನು ಕನ್ನಡದಲ್ಲಿ ‘ಹುಟ್ಟುತನ’ ಎನ್ನಬಹುದು. ಪ್ರತಿ ಕೂಸೂ ಜಗತ್ತಿನಲ್ಲಿ ಹಿಂದೆಂದೂ ಇಲ್ಲದ ಹೊಸ ಮೊದಲು. ಹುಟ್ಟಿ ಬಂದವನಾದ್ದರಿಂದಲೇ ಮನುಷ್ಯ ಬದುಕಿನ ನಡುವೆಯೂ ಹೊಸದನ್ನು ಶುರುಮಾಡಬಲ್ಲ. ಸಾಯುವವರು ಎಂಬುದಷ್ಟೇ ನಮ್ಮ ಗುರುತಲ್ಲ, ಹುಟ್ಟಿದವರು ಎಂಬುದೂ ಹೌದು. ಕರ್ಮವನ್ನು ಕುರಿತ ಅಧ್ಯಾಯವನ್ನು ಯಹೂದಿಯಾದ ಆರೆಂಟ್ ಮುಗಿಸುವುದು ಕ್ರಿಸ್‌ಮಸ್ಸಿನ ಶುಭವಾರ್ತೆಯಿಂದ: ಒಂದು ಮಗು ಹುಟ್ಟಿದೆ. ಅವರ ಮಟ್ಟಿಗೆ ಅದು ಯಾವ ತೊಟ್ಟಿಲಿಗೂ ಸಲ್ಲುವ ಮಾತು.

ಇನ್ನು ಆ ‘ಮಹಾರಾಯ’ನ ಬಳಿಗೆ ಬರೋಣ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬುಡದಲ್ಲಿ ಒಂದು ಬಂಡೆಯಿದೆ. ಊರವರು ಅದನ್ನು ‘ಅಕ್ಷರ ಗುಂಡು’ ಎನ್ನುತ್ತಾರೆ. ಅದರ ಮೇಲೆ, ಹತ್ತಿರದ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದಲ್ಲಿ ಇರುವಂತೆ, ಅಶೋಕನ ಕಿರುಶಾಸನವಿದೆ. ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಇವನ್ನು ಬೆಳಕಿಗೆ ತಂದರು. ಕಳಿಂಗದಲ್ಲಿ ಒಂದು ಲಕ್ಷ ಜನರನ್ನು ಕೊಂದು, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಿದ ಲೆಕ್ಕವನ್ನು ತಾನೇ ಕೊಟ್ಟ ದೊರೆ ಈ ಅಶೋಕ.

ಅಕ್ಷರ ಗುಂಡಿನಲ್ಲಿ ಕಳಿಂಗದ ಸುದ್ದಿಯೇ ಇಲ್ಲ. ಶಾಸನ ಶುರುವಾಗುವುದು ನಮ್ಮ ಹಳೆಯ ಕಾಗದಗಳ ಹಾಗೆ, ಕ್ಷೇಮಸಮಾಚಾರದಿಂದ: ಸುವರ್ಣಗಿರಿಯಲ್ಲಿದ್ದ ರಾಜಕುಮಾರ ‘ಆರ್ಯಪುತ್ರ’ ಇಸಿಲದ ಅಧಿಕಾರಿಗಳಾದ ಮಹಾಮಾತ್ರರ ಆರೋಗ್ಯ ವಿಚಾರಿಸುತ್ತಾನೆ. ಆಮೇಲೆ ದೊರೆಯ ಮಾತು. ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಮೊದಲ ಒಂದು ವರ್ಷ ತಾನು ಹೇಳಿಕೊಳ್ಳುವಂಥ ಪ್ರಯತ್ನವನ್ನೇ ಮಾಡಲಿಲ್ಲ ಎಂದು ಚಕ್ರವರ್ತಿ ಬಂಡೆಯ ಮೇಲೆ ಒಪ್ಪಿಕೊಳ್ಳುತ್ತಾನೆ. ಪ್ರಯತ್ನಕ್ಕೆ ಅವನು ಬಳಸುವ ಪ್ರಾಕೃತ ಪದ ‘ಪಕಮ’, ಅಂದರೆ ಸಂಸ್ಕೃತದ ಪ್ರಕ್ರಮ. ಹೆಜ್ಜೆ ಮುಂದಿಡುವುದು, ಆರಂಭ ಎಂಬ ಅರ್ಥಗಳೂ ಅದಕ್ಕಿವೆ. ಯುದ್ಧದಲ್ಲಿ ಮೆರೆಯುವ ಪರಾಕ್ರಮ ಹುಟ್ಟಿದ ಧಾತುವಿನಿಂದಲೇ ಈ ಪದವೂ ಹುಟ್ಟಿದೆ. ಇದರ ಫಲ ದೊಡ್ಡವರಿಗಷ್ಟೇ ಅಲ್ಲ, ‘ಖುದಕ’ರಿಗೂ, ಎಂದರೆ ಸಣ್ಣವರಿಗೂ ಸಿಗುತ್ತದೆ ಎನ್ನುತ್ತದೆ ಶಾಸನ. ಆಮೇಲೆ ಹೇಳುವ ಕೆಲಸಗಳೂ ಸಣ್ಣವೇ: ತಾಯಿತಂದೆಯ ಮಾತು ಕೇಳು, ಜೀವಿಗಳಿಗೆ ದಯೆ ತೋರು, ನಿಜ ಹೇಳು, ಗುರುವಿಗೆ ಗೌರವ ಕೊಡು. ಹುಟ್ಟುತನ ದಿನಬಳಕೆಗೆ ಇಳಿದರೆ ಕಾಣುವುದು ಹೀಗೆ.

ಆದರೆ ದೊರೆಯನ್ನು ಅಷ್ಟು ಸುಲಭವಾಗಿ ಬಿಟ್ಟುಬಿಡುವಂತಿಲ್ಲ. ಕಳಿಂಗದ ಪಶ್ಚಾತ್ತಾಪ ಬರೆಸಿದ 13ನೇ ಬಂಡೆಶಾಸನ ಕಳಿಂಗದ ಧೌಲಿ, ಜೌಗಡಗಳಲ್ಲಿ ಇಲ್ಲ. ಗೆದ್ದ ನಾಡನ್ನು ಅವನು ಬಿಟ್ಟುಕೊಡಲಿಲ್ಲ. ಅದೇ ಶಾಸನದಲ್ಲಿ, ಪಶ್ಚಾತ್ತಾಪಪಟ್ಟರೂ ತನ್ನಲ್ಲಿ ಬಲವಿದೆ ಎಂದು ಕಾಡಿನ ಜನರಿಗೆ ಎಚ್ಚರಿಕೆಯನ್ನೂ ಕೊಟ್ಟ. ಆರೆಂಟರ ಅಳತೆಗೋಲಿನಿಂದ ನೋಡಿದರೆ ಅವನಿಗೆ ಕ್ಷಮೆ ದಕ್ಕಲಿಲ್ಲ. ಕ್ಷಮಿಸಬೇಕಾದವರು ಸತ್ತಿದ್ದರು, ಬದುಕಿದ್ದವರನ್ನು ಅವನು ಕೇಳಲಿಲ್ಲ. ಅವನಿಗೆ ಉಳಿದದ್ದು ಮಾತು ಕೊಡುವುದೊಂದೇ. ಆ ಮಾತಿಗೂ ಕಾವಲು ಬೇಕು, ಶುರುವಾಗುವುದೆಲ್ಲ ಶಾಂತಿಯ ಕೆಲಸವೇ ಆಗಿರುವುದಿಲ್ಲ. ಇದೇ ಚಳ್ಳಕೆರೆ ಸೀಮೆಯ ಹುಲ್ಲುಗಾವಲಿನಲ್ಲಿ ಇಂದು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯವಿದೆ. ಪೈಲಟ್ ಇಲ್ಲದ ವಿಮಾನಗಳನ್ನು ಅಲ್ಲಿ ಹಾರಿಸಿ ನೋಡುತ್ತಾರೆ. ಹೊಸದನ್ನು ಶುರುಮಾಡುವ ಶಕ್ತಿ ಯಾವ ಕಡೆಗೂ ತಿರುಗಬಲ್ಲದು.

ಅಕ್ಷರ ಗುಂಡಿನ ಕೊನೆಯಲ್ಲಿ ಒಂದು ಸಹಿಯಿದೆ. ಬರೆದವನು ಚಪಡ. ಶಾಸನವೆಲ್ಲ ಎಡದಿಂದ ಬಲಕ್ಕೆ ಓಡುವ ಬ್ರಾಹ್ಮಿ. ಚಪಡ ತನ್ನ ಕಸುಬನ್ನು ಹೇಳುವ ‘ಲಿಪಿಕರ’ ಎಂಬ ಪದ ಮಾತ್ರ ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿ. ಅದು ವಾಯವ್ಯದ ಗಾಂಧಾರ ಸೀಮೆಯ ಲಿಪಿ. ಕಳಿಂಗದ ಪಶ್ಚಾತ್ತಾಪವೂ ಅದೇ ಲಿಪಿಯಲ್ಲಿ, ಇಂದಿನ ಪಾಕಿಸ್ತಾನದ ಶಾಹಬಾಜ್‌ಗಢಿಯ ಬಂಡೆಯ ಮೇಲಿದೆ. ಈ ಬಿಸಿಲುನಾಡಿಗೆ ಬಂದ ಲಿಪಿಕಾರ ಒಂದು ಪದದ ಮಟ್ಟಿಗೆ ಹಿಂದಕ್ಕೆ ಹೊರಳಿ ನೋಡಿದ. ಹಿಂದೆ ನೋಡಲು ಅಷ್ಟು ಸಾಕು; ಉಳಿದ ಸಾಲುಗಳೆಲ್ಲ ಮುಂದಕ್ಕೇ ಓಡುತ್ತವೆ. ಮಾಡಿದ್ದನ್ನು ಉಣ್ಣಲೇಬೇಕು ಮಹಾರಾಯ, ನಾಳೆಯ ಅಡುಗೆಗೆ ಮಾತ್ರ ಇನ್ನೂ ಒಲೆ ಹಚ್ಚಿಲ್ಲ.