ಶಬ್ದಾನ್ವೇಷಣೆಯೂ ಸತ್ಯಾನ್ವೇಷಣೆಯೂ

ಶಬ್ದವನ್ನು ಬಲ್ಲವನು ಅರ್ಥವನ್ನೂ ಬಲ್ಲನೆಂದು ಲೋಕವು ಸುಲಭವಾಗಿ ನಂಬಿಬಿಡುವುದು. ಈ ನಂಬಿಕೆಯು ಎಷ್ಟು ದುರ್ಬಲವಾದುದೆಂಬುದನ್ನು ಪ್ರಾಚೀನರು ಚೆನ್ನಾಗಿ ಅರಿತಿದ್ದರು. ಅರ್ಥವನ್ನು ಗ್ರಹಿಸದೆ ಶಾಸ್ತ್ರಗಳನ್ನು ಓದಿದವನನ್ನು ಸುಶ್ರುತಸಂಹಿತೆಯು ಗಂಧದ ಹೊರೆಯನ್ನು ಹೊತ್ತ ಕತ್ತೆಗೆ ಹೋಲಿಸಿದೆ. ಅದಕ್ಕೆ ಭಾರವು ತಿಳಿಯುವುದಲ್ಲದೆ ಗಂಧವು ತಿಳಿಯದು. ಇಂದು ವಿಜ್ಞಾನವನ್ನು ಕಲಿಯುವ ಮಕ್ಕಳ ತಲೆಯ ಮೇಲೆ ವೀಕ್ಷಣೆ, ಪ್ರಾಕ್ಕಲ್ಪನೆ, ಪ್ರಯೋಗ, ಚರಾಂಶ, ದತ್ತಾಂಶ, ನಿರ್ಣಯ ಎಂಬ ಪದಗಳು ಇಂಥದೇ ಹೊರೆಯಾಗಿ ಕುಳಿತಿರುವುದುಂಟು.

ಈ ಹೊರೆಯನ್ನು ಹಗುರಮಾಡಲೆಂದು ಕೆಲವು ಉಪಾಧ್ಯಾಯರು ಹುಡುಕಾಟದ ಆಟವೊಂದನ್ನು ಹೂಡುವರು. ಪದಗಳನ್ನು ಬರೆದ ಚೀಟಿಗಳನ್ನು ಕಿಟಕಿಯ ಸಂದಿನಲ್ಲಿಯೂ ಭೂಪಟದ ಹಿಂದೆಯೂ ಬೆಂಚಿನ ಕೆಳಗೂ ಅಡಗಿಸಿಟ್ಟು, ಆಯಾ ಪದದ ಲಕ್ಷಣವನ್ನು ಬರೆದ ಹಾಳೆಯನ್ನು ಮಕ್ಕಳ ಗುಂಪುಗಳಿಗೆ ಹಂಚುವರು. ಪರೀಕ್ಷೆಗೆ ಮೊದಲು ಮಾಡಿದ ಊಹೆ ಯಾವುದು, ಪ್ರಯೋಗದಲ್ಲಿ ಬದಲಿಸತಕ್ಕ ಅಂಶ ಯಾವುದು ಎಂದು ಯೋಚಿಸಿ, ತಕ್ಕ ಚೀಟಿಯನ್ನು ಅರಸಿ ತರಬೇಕು. ಎಲ್ಲವನ್ನೂ ಮೊದಲು ಹೊಂದಿಸಿದ ಗುಂಪಿಗೆ ಜಯವು.

ಇದು ವಿದ್ಯೆಯ ಘನತೆಗೆ ಕುಂದೆಂದು ಕೆಲವರು ಆಕ್ಷೇಪಿಸಬಹುದು. ಆ ಆಕ್ಷೇಪಕ್ಕೆ ಹೆಚ್ಚಿನ ಬಲವಿಲ್ಲ. ಶಸ್ತ್ರಚಿಕಿತ್ಸೆಯಂಥ ಗಂಭೀರವಾದ ವಿದ್ಯೆಯಲ್ಲಿಯೂ ಶಿಷ್ಯನು ಮೊದಲು ಕುಂಬಳ, ಸೋರೆ, ಸೌತೆಗಳನ್ನು ಕೊಯ್ದು ಕೈಯನ್ನು ಪಳಗಿಸಿಕೊಳ್ಳಬೇಕೆಂದು ಅದೇ ಸುಶ್ರುತನು ವಿಧಿಸಿದ್ದಾನೆ. ಉಲ್ಲಾಸದಿಂದ ಕಲಿತ ಪದವು ಬೇಗ ಮರೆಯುವುದೂ ಇಲ್ಲ.

ಆದರೆ ಇನ್ನೊಂದು ಆಕ್ಷೇಪವುಂಟು; ಅದು ನೀತಿಗೆ ಸಂಬಂಧಿಸಿದುದು. ಈ ಆಟದಲ್ಲಿ ಉತ್ತರವನ್ನು ಉಪಾಧ್ಯಾಯನೇ ಅಡಗಿಸಿಟ್ಟಿರುವನು. ಹುಡುಕುವವನು ಮಾಡಬೇಕಾದುದು ಅವನ ಮನಸ್ಸಿನಲ್ಲಿರುವುದನ್ನು ಊಹಿಸುವುದು ಮಾತ್ರ. ಹೀಗಾದರೆ ಸತ್ಯವೆಂಬುದು ಹಿರಿಯರು ಬಚ್ಚಿಟ್ಟ ವಸ್ತು, ಅವರ ಇಷ್ಟಕ್ಕೆ ಹೊಂದಿದ ಉತ್ತರವನ್ನು ಬೇಗನೆ ತಂದವನೇ ಜಾಣ ಎಂಬ ಭಾವನೆಯು ಎಳೆಯ ಮನಸ್ಸಿನಲ್ಲಿ ಬೇರೂರಲಾರದೆ? ಇದು ಬರಿಯ ಶಂಕೆಯಲ್ಲ. ಮೇಲಿನ ತರಗತಿಗಳಲ್ಲಿ ಲೋಲಕವನ್ನು ತೂಗಿಸಿ ಗುರುತ್ವವೇಗೋತ್ಕರ್ಷವನ್ನು ಲೆಕ್ಕಹಾಕುವ ಪ್ರಯೋಗವುಂಟು. ಉತ್ತರವು ಸುಮಾರು 9.8 ಬರಬೇಕೆಂಬುದನ್ನು ವಿದ್ಯಾರ್ಥಿಯು ಮೊದಲೇ ಬಲ್ಲನು. ತನಗೆ 9.2 ಬಂದರೆ ದಾರದ ಅಳತೆಯನ್ನೂ ತೂಗಾಟದ ಎಣಿಕೆಯನ್ನೂ ಮತ್ತೆ ಪರೀಕ್ಷಿಸುವುದನ್ನು ಬಿಟ್ಟು, ಪುಸ್ತಕದಲ್ಲಿ ಅಂಕಿಗಳನ್ನೇ ತಿದ್ದಿಬಿಡುವವರು ಉಂಟು. ಅಲ್ಲಿ ವಿಜ್ಞಾನದ ಪದಗಳೆಲ್ಲವೂ ಶುದ್ಧವಾಗಿರುವುವು. ವಿಜ್ಞಾನವು ಮಾತ್ರ ಇರುವುದಿಲ್ಲ.

ಹಾಗಾದರೆ ಉತ್ತರವನ್ನು ಬಲ್ಲ ಗುರುವು ಶಿಷ್ಯನಿಂದ ಏನನ್ನೂ ಅರಸಿಸಬಾರದೆ? ಛಾಂದೋಗ್ಯೋಪನಿಷತ್ತಿನ ಉದ್ದಾಲಕನು ಇದಕ್ಕೆ ಸಮಾಧಾನವನ್ನು ಒದಗಿಸುವನು. ಮನಸ್ಸು ಅನ್ನಮಯವೆಂದು ಆತನು ಮಗನಿಗೆ ಹೇಳಿದನು, ಹೇಳಿ ಸುಮ್ಮನಾಗಲಿಲ್ಲ. ಹದಿನೈದು ದಿನ ಉಣ್ಣದೆ ನೀರನ್ನು ಮಾತ್ರ ಕುಡಿದಿರೆಂದನು. ಬಳಿಕ ವೇದವನ್ನು ಹೇಳೆಂದಾಗ ಶ್ವೇತಕೇತುವಿಗೆ ಏನೂ ಸ್ಫುರಿಸಲಿಲ್ಲ. ಉಂಡಮೇಲೆ ಎಲ್ಲವೂ ಸ್ಫುರಿಸಿತು. ಇಲ್ಲಿ ತಂದೆಯು ಉತ್ತರವನ್ನು ಬಲ್ಲವನೇ. ಆದರೂ ಅದು ದೊರೆತದ್ದು ತಂದೆಯ ಕೈಯಲ್ಲಲ್ಲ, ಮಗನ ಅನುಭವದಲ್ಲಿ. ಗುರುವು ಉತ್ತರವನ್ನು ಬಲ್ಲನೆಂಬುದು ದೋಷವಲ್ಲ. ಶಿಷ್ಯನು ಅದನ್ನು ವಸ್ತುವಿನಲ್ಲಿ ಹುಡುಕದೆ ಗುರುವಿನ ಮುಖದಲ್ಲಿ ಹುಡುಕುವುದೇ ದೋಷವು.

ಆದುದರಿಂದ ಚೀಟಿಯ ಹುಡುಕಾಟವು ಮುಗಿದಲ್ಲಿ ಎರಡನೆಯ ಹುಡುಕಾಟವು ಆರಂಭವಾಗತಕ್ಕದ್ದು. ಎರಡು ಬಟ್ಟಲುಗಳಲ್ಲಿ ಒದ್ದೆಯ ಅರಳೆಯನ್ನು ಹಾಸಿ, ಇಪ್ಪತ್ತಿಪ್ಪತ್ತು ಹೆಸರುಕಾಳುಗಳನ್ನು ಇಟ್ಟು, ಒಂದನ್ನು ಬೆಳಕಿನಲ್ಲಿಯೂ ಇನ್ನೊಂದನ್ನು ಕತ್ತಲೆಯ ಬೀರುವಿನಲ್ಲಿಯೂ ಇರಿಸಲಿ. ಕತ್ತಲೆಯಲ್ಲಿ ಕಾಳು ಮೊಳೆಯದೆಂದು ಅನೇಕ ಮಕ್ಕಳು ಹೇಳುವರು. ಪ್ರಾಕ್ ಎಂದರೆ ಮೊದಲು. ಕಾಣುವುದಕ್ಕೆ ಮೊದಲು ಕಲ್ಪಿಸಿದುದರಿಂದ ಇದು ಪ್ರಾಕ್ಕಲ್ಪನೆಯು. ಬೆಳಕೊಂದೇ ಬೇರೆ, ಉಳಿದುದೆಲ್ಲ ಸಮಾನ; ಆದುದರಿಂದ ಬೆಳಕೇ ಚರಾಂಶವು. ಇಟಲಿಯ ಫ್ರಾನ್ಚೆಸ್ಕೊ ರೇಡಿಯು 1668ರಲ್ಲಿ ಪ್ರಕಟಿಸಿದ ಪ್ರಯೋಗದ ಜೀವಾಳವೂ ಇದೇ. ತೆರೆದ ಪಾತ್ರೆಯ ಮಾಂಸದಲ್ಲಿ ಹುಳುಗಳಾದುವು, ಮುಚ್ಚಿದುದರಲ್ಲಿ ಆಗಲಿಲ್ಲ. ಗಾಳಿಯಿಲ್ಲದುದೇ ಇದಕ್ಕೆ ಕಾರಣವೆಂಬ ಸಂದೇಹಕ್ಕೆ ಎಡೆಯಿರಬಾರದೆಂದು ಗಾಳಿಯಾಡುವ ತೆಳುಬಟ್ಟೆಯನ್ನು ಕಟ್ಟಿ ನೋಡಿದನು. ಆಗಲೂ ಮಾಂಸದಲ್ಲಿ ಹುಳುವಾಗಲಿಲ್ಲ. ಮಾಂಸದಿಂದ ತಾನಾಗಿ ಹುಳು ಹುಟ್ಟುವುದೆಂಬ ಬಹುಕಾಲದ ನಂಬಿಕೆಯು ಹೀಗೆ ಅಲುಗಾಡಿತು.

ಮೂರು ನಾಲ್ಕು ದಿನಗಳಲ್ಲಿ ಎರಡು ಬಟ್ಟಲುಗಳ ಕಾಳುಗಳೂ ಮೊಳೆತಿರುವುವು. ಕತ್ತಲೆಯ ಮೊಳಕೆಯು ಬಿಳಿಚಿ, ಇನ್ನೂ ಉದ್ದವಾಗಿ ಬೆಳೆಯುವುದು. ಮಕ್ಕಳ ಊಹೆಯು ಸುಳ್ಳಾಯಿತು. ಆಟದ ನಿಜವಾದ ಪರೀಕ್ಷೆಯು ಈ ಗಳಿಗೆಯಲ್ಲಿರುವುದು. ಊಹೆ ತಪ್ಪಿದವನಿಗೆ ಅಂಕಗಳನ್ನು ಕಳೆದರೆ ಮುಂದಿನ ಸಲ ಅವನು ಎಣಿಕೆಯನ್ನು ತಿದ್ದುವನು. ಕಂಡುದನ್ನು ಕಂಡಂತೆ ಬರೆದುದಕ್ಕೆ ಮೆಚ್ಚುಗೆ ದೊರೆತರೆ ದತ್ತಾಂಶವೆಂಬ ಪದದ ಅರ್ಥವು ಅವನಿಗೆ ಹೊಳೆಯುವುದು. ದತ್ತವೆಂದರೆ ಕೊಡಲ್ಪಟ್ಟುದು. ಪ್ರಕೃತಿಯು ಕೊಟ್ಟುದನ್ನು ತೆಗೆದುಕೊಳ್ಳುವ ಅಧಿಕಾರವು ಮನುಷ್ಯನಿಗುಂಟು, ತಿದ್ದುವ ಅಧಿಕಾರವಿಲ್ಲ. ತಿದ್ದಿದೊಡನೆ ಅದು ದತ್ತವಾಗಿ ಉಳಿಯದೆ ಕಲ್ಪಿತವಾಗುವುದು.

ಈ ಶಿಕ್ಷಣದಲ್ಲಿ ಮನೆಯವರ ಪಾಲೂ ಉಂಟು. ಕೋಸಂಬರಿಗೆಂದು ಬಟ್ಟೆಯಲ್ಲಿ ಕಟ್ಟಿ ಮುಚ್ಚಿಟ್ಟ ಹೆಸರುಕಾಳು ಕತ್ತಲೆಯಲ್ಲಿಯೇ ಮೊಳೆಯುವುದನ್ನು ಪ್ರತಿ ಗೃಹಿಣಿಯೂ ಬಲ್ಲಳು. ಮಗುವು ಅದನ್ನು ತಾನೇ ಬಿಚ್ಚಿ ನೋಡಲಿ. ಶಾಲೆಯಿಂದ ಬಂದ ಮಗುವನ್ನು ಎಷ್ಟು ಚೀಟಿ ಗೆದ್ದೆಯೆಂದು ಕೇಳುವುದು ಸಹಜವು. ಅದರೊಡನೆ, ನೀನು ಎಣಿಸಿದ್ದೇನು, ಕಂಡದ್ದೇನು, ಎಲ್ಲಿ ಬೇರೆಯಾಯಿತು ಎಂದೂ ಕೇಳತಕ್ಕದ್ದು. ತನ್ನ ಊಹೆ ತಪ್ಪಾಯಿತೆಂದು ನಾಚದೆ ಹೇಳಬಲ್ಲ ಮಗುವಿಗೆ ಪದಗಳು ಹೊರೆಯಾಗಲಾರವು.